ಹೆಗಲಿನ ಸಾಕ್ಷಿ

೪ ಜನವರಿ ೧೯೮೯, ಗದಗ
ಇವತ್ತೂ ಅಂಗಿ ತೊಡಿಸಲು ಅವ್ವ ಬೇಕಾದಳು. ಬಲಗೈ ಕಿವಿಯ ಮಟ್ಟ ದಾಟುವುದಿಲ್ಲ. ದೀಪಾವಳಿಯ ಹೊತ್ತಿಗೆ ಅಪ್ಪನ ಅಂಗಡಿಯಲ್ಲಿ ಜೋಳದ ಚೀಲ ಎತ್ತುವಾಗ ಹೆಗಲೊಳಗೆ ಏನೋ ಹರಿದಂತಾಯಿತು. ಅಂದಿನಿಂದ ಹೀಗೆ. ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ.

"ಶಾಲಿ ಬಿಟ್ಟಿ, ಗ್ಯಾರೇಜ್ ಬಿಟ್ಟಿ. ಈಗ ಅಂಗಡಿ ಬಿಡಾಕ ಹೆಗಲಿನ ನೆವ ತಗದಿ," ಎಂದ ಅಪ್ಪ.

ಮೊದಲೆರಡು ಖರೆ. ಬೇಸರವಾಗಿ ಬಿಟ್ಟೆ, ಬೇಸರವೆಂದೇ ಹೇಳಿದೆ. ಇದು ನೋವು.

೧೯ ಜನವರಿ
ಡಾಕ್ಟರು ಅಪ್ಪನಿಗೆ ಹೇಳಿದರು: "ಎಕ್ಸ್‌ರೇದಾಗ ಎಲುಬಷ್ಟ ಕಾಣತೈತ್ರಿ. ಸ್ನಾಯು ಹರದಿದ್ರ ಕಾಣೂದಿಲ್ಲ. ಮುಂಬಯಿಗೆ ಹೊಸಾ ಮಶಿನ್ ಬಂದೈತಿ, ಎಂಆರ್‌ಐ ಅಂತ. ದೊಡ್ಡ ಅಯಸ್ಕಾಂತ. ಒಳಗಿಂದೆಲ್ಲಾ ತೋರಸ್ತೈತಿ."

ಸಕ್ರಪ್ಪಮಾವ ಆ ಮಶಿನ್ ಇರುವ ಆಸ್ಪತ್ರೆಯಲ್ಲೇ ವಾರ್ಡ್‌ಬಾಯ್.

"ಹೋಗು," ಎಂದ ಅಪ್ಪ. "ಹರದದ್ದು ಕಂಡ್ರ ನಾ ಬಾಯಿ ತಗಿಯೂದಿಲ್ಲ. ಕಾಣಲಿಲ್ಲಂದ್ರ ಬಂದು ಚೀಲ ಎತ್ತಬೇಕು. ಆತು?"

ಆತು ಎಂದೆ.

೨೩ ಫೆಬ್ರವರಿ, ಮುಂಬಯಿ
ಸುರಂಗದಂಥ ಮಶಿನ್. ಬೆಳ್ಳಿಯ ಉಡದಾರವನ್ನೂ ಬಿಚ್ಚಿಸಿದರು. ಕೊನೆಗೆ ಕೇಳಿದರು — ಮೈಯೊಳಗೆ ಎಲ್ಲಾದರೂ ಕಬ್ಬಿಣ ಇದೆಯೇ?

ಗ್ಯಾರೇಜಿನಲ್ಲಿ ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಕಿಡಿ ಸಿಡಿದಿತ್ತು. ಕಣ್ಣಿನ ಕಸ ತೆಗೆಯುವ ಬೆಟಗೇರಿಯ ಫಕೀರಬಿ ನಾಲಿಗೆಯಿಂದ ಕಣ್ಣು ಸವರಿ ಒಂದು ಚೂರು ತೆಗೆದಿದ್ದಳು. ಎಲ್ಲ ಬಂತೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ.

ಮಾವ ಕಿವಿಯಲ್ಲಿ, "ಇಲ್ಲ ಅನ್ನಲೇ, ಉಳವ್ಯಾ! ಈ ಪಾಳಿ ಸಿಗಾಕ ಎಷ್ಟ ಮಂದಿ ಕೈಕಾಲು ಹಿಡದೀನಿ!"

ಇದ್ದರೂ ಇರಬಹುದು ಎಂದೆ.

ಕಣ್ಣಿನ ಎಕ್ಸ್‌ರೇ ತೆಗೆದರು. ಎಡಗಣ್ಣಿನೊಳಗೆ ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕೆ. ಅಯಸ್ಕಾಂತ ಅದನ್ನೆಳೆದರೆ ಕಣ್ಣೇ ಹೋಗುತ್ತದಂತೆ. ನಿನಗೆ ಈ ಮಶಿನ್ ಆಗದು ಎಂದರು.

ಮಾವ ಉಡದಾರ ಕಟ್ಟಿದ.

೨೬ ಫೆಬ್ರವರಿ, ಗದಗ
ಅಪ್ಪ ಫಿಲ್ಮನ್ನು ಬಾಗಿಲಿನ ಬೆಳಕಿಗೆ ಹಿಡಿದ. "ಹೆಗಲಿನ ಫೋಟೋ ತಾ ಅಂದ್ರ ಕಣ್ಣಿನ ಫೋಟೋ ತಂದಾನ! ಸಿಕ್ಕಬೀಳತೇನಂತ ಕಬ್ಬಿಣದ ಕಥಿ ಹೇಳಿ ಎದ್ದ ಬಂದಾನ."

ಹಮಾಲ ಉಡಚಪ್ಪ ನಕ್ಕ. "ಭಾರಿ ಹುಷಾರ್ ಅದಾನ್ರೀ, ಸಾವಕಾರ್ರ."

ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಷ್ಟ ದೂರ ಹೋಗಿ ಖರೆ ಹೇಳಬೇಕಿತ್ತೇನೋ?"

"ಸುಳ್ಳ ಹೇಳಿದ್ರ ಕಣ್ಣು ಹೋಗತಿತ್ತವ್ವಾ."

"ಈಗ ಕೈ ಹೋಗತೈತಲ್ಲೋ."

೨೭ ಫೆಬ್ರವರಿ
ಕಾಣದಿದ್ದರೆ ಎತ್ತುತ್ತೇನೆಂದು ಒಪ್ಪಿದ್ದೆ. ಹೆಗಲೊಳಗೆ ಯಾರೂ ನೋಡಲೇ ಇಲ್ಲ... ಆದರೂ ಕಾಣಲಿಲ್ಲ ಎಂಬುದು ಖರೆ. ಅಂಗಡಿಗೆ ಹೋದೆ. ಚೀಲಕ್ಕೆ ಕೈ ಹಾಕಿದೆ. ಸೊಂಟದವರೆಗೆ ಬಂತು. ಎದೆಯವರೆಗೂ. ಅಪ್ಪ ನೋಡುತ್ತಿದ್ದ.

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಈಗ ಸೊಂಟದ ಮಟ್ಟವನ್ನೂ ದಾಟುವುದಿಲ್ಲ.