ಪಟಾಕಿಗೆ ಕೊಟ್ಟ ಕೆಲಸ

ಚಿದ್ರಿ, ಬೀದರ
ಗುರುವಾರ, ೧೪ ಆಗಸ್ಟ್ ೨೦೨೫

ಪ್ರೀತಿಯ ಜಾಯ್ಸ,

ಮೊದಲು ಹಾನಿಯ ಲೆಕ್ಕ ಒಪ್ಪಿಸುತ್ತೇನೆ. ಸೋಫಾದ ಒಂದು ಕೈ, ನನ್ನ ಮದುವೆಯ ಬೂಟು, ನೆರೆಮನೆ ಜ್ಞಾನಮ್ಮನ ಎರಡು ಕೋಳಿ, ಕೋಳಿಯ ಜೊತೆಗೆ ಆಕೆಯ ಮಾತುಕತೆ. ನೀನು ನನ್ನನ್ನೂ ನಿನ್ನ ಟೆರಿಯರ್ ನಾಯಿ ಪಟಾಕಿಯನ್ನೂ ಬಿಟ್ಟು ಭಾಲ್ಕಿಯ ನರ್ಸ್ ನೌಕರಿಗೆ ಹೋದ ಮೇಲಿನ ಖರ್ಚು ಇದು. ಒಂದು ಬಾಬತ್ತು ಇನ್ನೂ ಬರೆದಿಲ್ಲ.

ಹೊರಡುವಾಗ ನೀನು ಹೇಳಿದ್ದಿ, "ಅದಕ್ಕ ದುಡಿಮಿ ಬೇಕ್ರಿ. ಖಾಲಿ ಕೂತ್ರ ನಿಮ್ಹಂಗ ಅದೂ ಮನಿಯಾಗ ಯಾರ್ನೂ ಬಾಳಗೊಡಂಗಿಲ್ಲ." ಚುಚ್ಚಿದರೂ ಖರೆ ಮಾತು. ಹಾಗಾಗಿ ಕೊಳಾರದ ನಮ್ಮ ಬೇಳೆ ಗೋದಾಮಿಗೆ ಕರೆದೊಯ್ದು ಇಲಿ ಹಿಡಿಯುವ ನೌಕರಿ ಕೊಟ್ಟೆ. ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಗಳ ನಡುವೆ ಬಾಣದಂತೆ ನುಗ್ಗುತ್ತಿತ್ತು. ಸಂಜೆ ಸ್ಕೂಟರಿನಲ್ಲಿ ನನ್ನ ಕಾಲ ಬಳಿ ನಿಂತು, ದಾರಿಯುದ್ದಕ್ಕೂ ಲಾರಿಗಳಿಗೆ ಬೈಯುತ್ತ ಮನೆಗೆ ಬರುತ್ತಿತ್ತು.

ಆಮೇಲೆ ಔರಾದದ ವ್ಯಾಪಾರಿ ಮಾಲು ನೋಡಲು ಬರುತ್ತೇನೆಂದ. ಒಂದೇ ಕೆಲಸಕ್ಕೆ ಎರಡು ಆಳು ಹಚ್ಚಿದರೆ ಬೇಗ ಮುಗಿಯುತ್ತದೆಂದು ನಾನು ಇಲಿ ಪಾಷಾಣವನ್ನೂ ಇಟ್ಟೆ. ಪಟಾಕಿಗೆ ಸಿಗದಂತೆ ಗೋಡೆಯ ಬಿಲಗಳ ಒಳಗೇ ತುರುಕಿ, ಬಾಯಿಗೆ ಕಲ್ಲಿಟ್ಟು ಸಂದು ಮಾತ್ರ ಬಿಟ್ಟೆ. ಪಾಷಾಣ ತಿಂದ ಇಲಿ ಆ ಸಂದಿನಿಂದ ಹೊರಗೂ ಬರುತ್ತದೆಂಬುದು ಈ ಜಾಣನಿಗೆ ಹೊಳೆಯಲಿಲ್ಲ.

ಮೂರನೆಯ ದಿನ ಹಮಾಲ ಮಕ್ಬೂಲ ನಕ್ಕ. "ಸಾವ್ಕಾರ್, ಇವತ್ತ್ ಇಲಿಗೋಳು ತಾವೇ ಬಂದು ಬಾಯಾಗ ಬೀಳ್ಲತಾವ ನೋಡ್ರಿ!" ನಾನೂ ನಕ್ಕೆ, ಪಟಾಕಿಯ ಬೆನ್ನು ತಟ್ಟಿದೆ. ಅದು ತಿಂದದ್ದನ್ನು ಕಣ್ಣಾರೆ ಕಂಡೆ.

ಮೂರು ದಿನ ಕಳೆದು ಅದು ರೊಟ್ಟಿ ಮುಟ್ಟಲಿಲ್ಲ. ಅಂದೇ ವ್ಯಾಪಾರಿ ಬರುವ ದಿನ. ನಾಳೆ ನೋಡೋಣ ಎಂದೆ. ಮರುದಿನ ವಸಡಿನಿಂದ ರಕ್ತ. ದನದ ಡಾಕ್ಟರು, "ನಿನ್ನೆ ತಂದಿದ್ರ ಸೂಜಿ ಹಿಡಿತಿತ್ತು," ಎಂದರು. ಅದರ ಉಸಿರು ನನ್ನ ತೊಡೆಯ ಮೇಲೆ ನಿಂತಿತು.

ನಿನ್ನ ಮಲ್ಲಿಗೆಯ ಬುಡದಲ್ಲಿ ಹುಗಿದೆ. ಕುಣಿ ಅದೇ ತೋಡಿಟ್ಟಿತ್ತು. ನಾನು ಸ್ವಲ್ಪ ಅಗಲ ಮಾಡಿದೆ, ಅಷ್ಟೇ.

ಅಂಗಳವಿರುವ ಮನೆ ಸಿಕ್ಕಿದೆ, ಈ ಭಾನುವಾರ ಬಂದು ಪಟಾಕಿಯನ್ನು ಒಯ್ಯುತ್ತೇನೆ ಎಂದಿದ್ದಿ. ಒಯ್ಯಲು ಏನೂ ಉಳಿದಿಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ,
ಅಮೋಸ

ತಾ.ಕ.: ಪಟಾಕಿ ಸತ್ತು ಒಂದು ತಿಂಗಳಾಯಿತು. ಪ್ರತಿ ಭಾನುವಾರ ನೀನು, "ಅದರ ಕಿವಿಗಿ ಫೋನ್ ಹಿಡೀರಿ," ಎನ್ನುತ್ತಿದ್ದಿಯಲ್ಲ, ಈ ತಿಂಗಳು ಕೇಳಿಸಿದ ಬೊಗಳು ನನ್ನ ಹಳೆಯ ಮೊಬೈಲಿನಲ್ಲಿ ಎಂದೋ ರೆಕಾರ್ಡ್ ಮಾಡಿಟ್ಟದ್ದು. ಅದು ಇಲ್ಲವೆಂದರೆ ನೀನು ಫೋನು ಮಾಡುವುದಿಲ್ಲವೆಂದು ಗೊತ್ತಿತ್ತು. ಒಟ್ಟಿನಲ್ಲಿ ವ್ಯಾಪಾರಿಗೆ ಸ್ವಚ್ಛ ಬೇಳೆ ಸಿಕ್ಕಿತು. ನನಗೆ ನಾಲ್ಕು ಭಾನುವಾರ ನಿನ್ನ ದನಿ. ಪಟಾಕಿಗೆ ಕುಣಿ. ನಿನಗೆ ಈ ಕಾಗದ.