ಶೆಂಗ್ ಹೊಲಿದ ಬಟ್ಟೆಗೆ ನೀವು ಕೊಟ್ಟ ಹೊಳಪು

ಕಲಾ ಸಂಗ್ರಹಾಲಯದ ನಿರ್ದೇಶಕರೇ, ಮಾನ್ಯರೇ,

ನನ್ನ ತಾಯಿಯ ಹೆಣದ ತಲೆಯಡಿ ಇಡಬೇಕಾದ ಕಸೂತಿ ಬಟ್ಟೆಗೆ ನೀವು ಲೋಹದ ಜರಿ ಹೊಲಿಸಿದ್ದೀರಿ. ತಾಯಿ ಇನ್ನೂ ಬದುಕಿದ್ದಾಳೆ, ಆದರೆ ವೈದ್ಯರು ಕೈಚೆಲ್ಲಿದ್ದಾರೆ. ನಿಮ್ಮ ಕಚೇರಿಗೆ ಖಾಸಗಿಯಾಗಿ ಹೇಳಿಕೊಂಡದ್ದೆಲ್ಲ ನೀರಿನಲ್ಲಿ ಹೋಮವಾದ್ದರಿಂದ ಹೀಗೆ ಊರೆದುರು ಬರೆಯುತ್ತಿದ್ದೇನೆ.

ನಮ್ಮ ಹ್ಮಾಂಗ್ ಜನಾಂಗದ ಬಗ್ಗೆ ನೀವು ನಡೆಸಿದ ‘ಹ್ಮಾಂಗ್ ಅಸ್ಮಿತೆ’ ಪ್ರದರ್ಶನಕ್ಕೆ ನನ್ನ ವರ್ಣಚಿತ್ರಗಳ ಜೊತೆ ಮನೆಯದೊಂದು ಹಳೆಯ ಕಸೂತಿಯೂ ಬೇಕೆಂದಿರಿ. ಅಮ್ಮ ಪೆಟ್ಟಿಗೆಯಿಂದ ಇದನ್ನು ತೆಗೆದುಕೊಟ್ಟಳು. ಲಾವೋಸ್ ಬಿಟ್ಟು ಓಡಿಬಂದ ಮೇಲೆ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಕೂತು ನನ್ನ ಅಕ್ಕ ಶೆಂಗ್ ಹೊಲಿದದ್ದು. ನೀಲಿ ಬಟ್ಟೆಯ ತುಂಬ ಬಸವನಹುಳುವಿನ ಸುರುಳಿಗಳು. ಹೆತ್ತವರು ಬದುಕಿರುವಾಗಲೇ ಮಕ್ಕಳು ಇಂಥದ್ದನ್ನು ಕೊಡುವುದು ನಮ್ಮ ಪದ್ಧತಿ. ಸತ್ತವರು ತಾವು ಬಾಳಿದ ಊರೂರನ್ನೂ ಹಿಂದಕ್ಕೆ ನಡೆದು ಹಿರಿಯರನ್ನು ಸೇರಬೇಕು. ಕಸೂತಿ ನೋಡಿಯೇ ಹಿರಿಯರು ‘ಇವಳು ನಮ್ಮವಳು’ ಎನ್ನುತ್ತಾರೆ. ಶೆಂಗ್ ಆ ಶಿಬಿರದಲ್ಲೇ ಜ್ವರ ಬಂದು ತೀರಿಕೊಂಡಳು. ಅವಳದೆಂದು ನಮ್ಮಲ್ಲಿ ಉಳಿದಿರುವುದು ಇದೊಂದೇ.

ಪ್ರದರ್ಶನ ಮುಗಿದು ಬಟ್ಟೆ ಮನೆಗೆ ಬಂತು. ಅಮ್ಮ ಅಂಚು ಸವರಿದಳು.

“ಇದೇನೇ ಕಾಜೂವಾ, ಚುಚ್ತಾ ಇದೆ?”

“ಅಂಚು ಬಿಟ್ಕೊಂಡಿತ್ತಂತೆ. ಅವರೇ ಸರಿಮಾಡಿಸಿದಾರೆ. ತಾಮ್ರದ ಜರಿಯಂತೆ.”

“ಅಯ್ಯೋ, ಹೆಣದ ಜೊತೆ ಲೋಹ ಕಳಿಸ್ತಾರೇನೇ? ಅವರ ಮನೇಲಿ ಯಾರೂ ಸತ್ತೇ ಇಲ್ವಾ?”

ನಮ್ಮಲ್ಲಿ ಹೆಣದ ಅಂಗಿಗೆ ಲೋಹದ ಗುಂಡಿಯನ್ನೂ ಬಿಡುವುದಿಲ್ಲ. ಬಿಟ್ಟರೆ ಸತ್ತವರಿಗೆ ನೆಮ್ಮದಿಯಿಲ್ಲ, ಉಳಿದ ಮಕ್ಕಳು ಮೊಮ್ಮಕ್ಕಳಿಗೆ ಕಾಯಿಲೆ ತಪ್ಪದು. ಮೂಢನಂಬಿಕೆ ಎನ್ನುತ್ತೀರಾ? ಧಾರಾಳವಾಗಿ ಎನ್ನಿ. ಆದರೆ ಅದೇ ನಂಬಿಕೆಯನ್ನು ಗಾಜಿನೊಳಗಿಟ್ಟು ಟಿಕೆಟ್ ಮಾರಿದವರು ಯಾರು? ಸೂಜಿ ಹಿಡಿಯುವ ಮುಂಚೆ ಒಂದು ಫೋನ್ ಮಾಡಲು ಏನು ಅಡ್ಡಿಯಿತ್ತು?

ಆಮೇಲೆ ಫೋನ್ ಮಾಡಿದ್ದು ನಾನೇ. ನಿಮ್ಮ ಸಹಾಯಕಿ ಎಷ್ಟು ನಯವಾಗಿ ಮಾತಾಡಿದರು! “ಎಷ್ಟ್ ಚೆನ್ನಾಗಿ ಹೊಳೀತಿದೆ ಅಲ್ವಾ ಮೇಡಂ? ಈಗ ಬಿಚ್ಚಿದ್ರೆ ಹಳೇ ಬಟ್ಟೆ, ಹರಿದೇಹೋಗತ್ತೆ. ನಮಗೇ ಕೊಟ್ಬಿಡಿ, ಶಾಶ್ವತವಾಗಿ ಜೋಪಾನ ಮಾಡ್ತೀವಿ. ನಿಮ್ಮಮ್ಮಂಗೆ ಅಂಥದ್ದೇ ಇನ್ನೊಂದು ಮಾಡಿಸ್ಕೊಡ್ತೀವಿ.”

ಎಂಥ ಔದಾರ್ಯ! ಇನ್ನೊಬ್ಬ ಶೆಂಗ್‌ಳನ್ನೂ ಮಾಡಿಸಿಕೊಡುತ್ತೀರಾ? ನಮ್ಮ ಕಲೆ ಶಾಶ್ವತವಾಗಿರಲಿ ಎಂಬುದು ನಿಮ್ಮ ಆಸೆ. ಈ ಬಟ್ಟೆ ಹುಟ್ಟಿದ್ದೇ ಮಣ್ಣು ಸೇರುವುದಕ್ಕೆ. ನಾನೇ ಬಿಚ್ಚೋಣವೆಂದರೆ ನಿಮ್ಮವರು ಜರಿಯನ್ನು ಅಕ್ಕನ ಹೊಲಿಗೆಯೊಳಗೇ ನುಸುಳಿಸಿದ್ದಾರೆ. ಯಾವ ಎಳೆ ಎಲ್ಲಿ ಹೋಗಿದೆಯೋ ನನಗೆ ತಿಳಿಯುವುದಿಲ್ಲ. ನನಗೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಭಯವಿದೆ. ನನ್ನ ಮಕ್ಕಳಿಗೆ ಕೇಡಾಗದಿರಲೆಂದು ಅಮ್ಮ ಈಗ ಆ ಬಟ್ಟೆಯೇ ಬೇಡ ಎನ್ನುತ್ತಿದ್ದಾಳೆ.

ಆದ್ದರಿಂದ, ಜರಿ ಹೊಲಿದವರನ್ನೇ ನಮ್ಮ ಮನೆಗೆ ಕಳಿಸಿ. ನೀವೂ ಬನ್ನಿ. ಅಮ್ಮನ ಮಂಚದ ಪಕ್ಕ ಕೂತು, ಅವಳ ಕಣ್ಣೆದುರೇ ಒಂದೊಂದೇ ಎಳೆ ತೆಗೆಯಲಿ. ಹರಿದರೆ ಹರಿಯಲಿ. ಹರಿದ ಬಟ್ಟೆ ನೋಡಿ ಹಿರಿಯರು ಗುರುತು ಹಿಡಿಯುತ್ತಾರಾ ಎಂದು ನಿನ್ನೆ ಅವಳನ್ನೇ ಕೇಳಿದೆ.

“ಹಿರಿಯರ ಮಾತು ಬಿಡೇ. ಶೆಂಗ್ ಅಲ್ಲೇ ಇರ್ತಾಳಲ್ಲ. ತನ್ನ ಕೈಕೆಲಸ ಅವಳಿಗೆ ಗೊತ್ತಾಗಲ್ವಾ?”

ತಡಮಾಡಬೇಡಿ.

ಇಂತಿ,
ನಿಮ್ಮ ಫಲಕದ ಮೇಲೆ ‘ಸಮುದಾಯದ ದನಿ’ಯಾಗಿರುವ, ನಿಮ್ಮ ಫೋನಿನಲ್ಲಿ ಮಾತ್ರ ಕೇಳಿಸದ,
ಕಾಜೂವಾ ಥಾವ್
ಸೇಂಟ್ ಪಾಲ್