ಅಣ್ಣಾ, ದವಡೆ ಹಿಡಿಯಿತು

ಭಾನುವಾರ, ತಾರೀಖು ಹದಿನೇಳು

ಪ್ರೀತಿಯ ಅಣ್ಣ,

ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ‘ನನ್ನ ತಂಗಿ ಮೊಳೆಗೆ ಕೈ ಬಿದ್ದುಹೋಯಿತೋ ಏನೋ’ ಎಂದು ಅತ್ತಿಗೆಯ ಹತ್ತಿರ ಗೊಣಗಿರುತ್ತೀಯ, ನನಗೆ ಗೊತ್ತು. ಕೈ ನೆಟ್ಟಗಿದೆ. ಬರೆಯಬೇಕಾದ ವಿಷಯ ಅರ್ಧಂಬರ್ಧ ಇತ್ತು, ಅದು ಒಂದು ದಡ ಮುಟ್ಟದೆ ಬರೆಯಲು ಧೈರ್ಯ ಬರಲಿಲ್ಲ. ಅದಕ್ಕೆ ಕ್ಷಮಿಸಿಬಿಡು. ಈಗ ಮುಟ್ಟಿದೆ. ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ.

ಅಮ್ಮ ಆರಾಮಾಗಿದ್ದಾಳೆ. ಮಂಡಿ ಹಿಡಿದುಕೊಂಡಿದೆ ಎನ್ನುತ್ತಾಳೆ, ಆದರೆ ಪಕ್ಕದ ಮನೆಯಲ್ಲಿ ಜಗಳ ಶುರುವಾದರೆ ನನಗಿಂತ ಮೊದಲು ಕಿಟಕಿಗೆ ಓಡುತ್ತಾಳೆ. ಬೋಳಣ್ಣ ಇನ್ನೂ ನಮ್ಮ ಲಿಫ್ಟು ರಿಪೇರಿ ಅಂಗಡಿಗೆ ಬರುತ್ತಾನೆ. ಅಪ್ಪನ ಕಾಲದ ಆಳು, ನನ್ನನ್ನು ಯಜಮಾನಿ ಎಂದು ಒಪ್ಪಿಕೊಳ್ಳಲು ಅವನಿಗೆ ಮನಸ್ಸಿಲ್ಲ. ‘ನಿಮ್ಮಪ್ಪ ಆಗಿದ್ರೆ’ ಎಂದು ಶುರು ಮಾಡಿದರೆ ಮುಗಿಯಿತು, ಸ್ಪ್ಯಾನರು ಕೆಳಗಿಟ್ಟು ಕೇಳಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ಇದ್ದ ಲಿಫ್ಟು ಬಿದ್ದ ದಿನದಿಂದ ನಾವಿಬ್ಬರೂ ಆ ಮಾತೇ ಆಡಿಲ್ಲ. ಹಗ್ಗ ಸವೆದಿತ್ತು, ಕಿತ್ತುಹೋಯಿತು, ಅದಕ್ಕೆ ಯಾರೂ ಯಾರನ್ನೂ ದೂರಲಿಲ್ಲ. ಆದರೆ ಹಗ್ಗ ಹೋದರೂ ಲಿಫ್ಟಿನ ತಳದಲ್ಲಿರುವ ಉಕ್ಕಿನ ದವಡೆ ಎರಡೂ ಪಕ್ಕದ ಹಳಿಗಳನ್ನು ಕಚ್ಚಿ ನಿಲ್ಲಿಸಬೇಕಿತ್ತು. ಕಚ್ಚಲಿಲ್ಲ. ಆ ದವಡೆ ಜೋಡಿಸಿದವನು ನೀನು. ‘ಜೋಡಣೆ ಸಡಿಲ’ ಎಂದು ತಪಾಸಣೆ ಸಾಹೇಬರು ಬರೆದರು, ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು, ನೀನು ಕೆಲಸ ಬಿಟ್ಟು ಮನೆಯನ್ನೂ ಬಿಟ್ಟು ಹೋದೆ. ಈಗ ಎಲ್ಲೋ ಕೂತು ಬಟ್ಟೆ ಅಳೆಯುತ್ತೀಯ, ಮಗಳ ಶಾಲೆಯಲ್ಲೂ ಲಿಫ್ಟು ಹತ್ತದೆ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತೀಯಂತೆ. ಅತ್ತಿಗೆ ಹೇಳಿದಳು. ಅವಳ ಮೇಲೆ ರೇಗಬೇಡ.

ಹೋದ ತಿಂಗಳು ಕಣ್ಣಾಸ್ಪತ್ರೆಯ ಹಳೇ ಲಿಫ್ಟು ನಮ್ಮ ಪಾಲಿಗೆ ಬಂತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಗೋಡೆ ತಡವಿಕೊಂಡು ಮೆಟ್ಟಿಲು ಇಳಿಯುವುದನ್ನು ನೋಡಿದ್ದರೆ ನಿನ್ನ ಕರುಳೂ ಚುರ್ ಎನ್ನುತ್ತಿತ್ತು. ದೊಡ್ಡ ನರ್ಸಮ್ಮ ನನ್ನ ಕೈ ಹಿಡಿದು, ‘ಬೇಗ ಮಾಡ್ಕೊಡಮ್ಮ, ನಿನ್ನ ಹೆಸರು ಹೇಳ್ಕೊಂಡು ಬದುಕ್ತೀನಿ’ ಅಂದರು. ಎಲ್ಲ ಬಿಚ್ಚಿ ಕಟ್ಟಿದೆ. ದವಡೆಗೂ ಹಳಿಗೂ ನಡುವಿನ ಸಂದನ್ನು ನೀನು ಕತ್ತರಿಸಿಟ್ಟ ತಗಡಿನ ಅಳತೆಯಿಂದಲೇ ಜೋಡಿಸಿದೆ. ನಾನು ಯಾವತ್ತೂ ಹಾಗೇ ಮಾಡುವುದು, ನಿನಗೆ ಹೇಳಿರಲಿಲ್ಲ ಅಷ್ಟೆ. ಹಳಿಗಳಿಗೆ ತುಕ್ಕು ಹಿಡಿದಿತ್ತು. ಅಂಥ ಹಳಿಗೆ ಅಪ್ಪನ ಪದ್ಧತಿ ನಿನಗೇ ಗೊತ್ತಲ್ಲ: ಕನ್ನಡಿಯ ಹಾಗೆ ಉಜ್ಜಿ, ಮೇಲಿನ ಯಂತ್ರದ ಹಲ್ಲುಚಕ್ರಕ್ಕೆ ಹಾಕುವ ಮಂದ ಎಣ್ಣೆ ಬಳಿಯುವುದು. ಬೋಳಣ್ಣನೂ ನಾನೂ ಸೇರಿ ಬಳಿದೆವು. ಥಳಥಳ ಹೊಳೆಯುತ್ತಿತ್ತು.

ಪರೀಕ್ಷೆಯ ದಿನ ಅದೇ ತಪಾಸಣೆ ಸಾಹೇಬರು ಬಂದರು. ಲಿಫ್ಟಿನಲ್ಲಿ ಮರಳಿನ ಮೂಟೆ ತುಂಬಿ, ಮೇಲೆತ್ತಿ, ಹಗ್ಗದ ಕೊಕ್ಕೆ ಬಿಚ್ಚಿದೆವು. ದವಡೆ ಕೂತ ಸದ್ದು ಕೇಳಿಸಿತು ಅಣ್ಣ, ಆದರೆ ಲಿಫ್ಟು ನಿಲ್ಲಲಿಲ್ಲ! ಸರ್ರನೆ ಜಾರಿ ತಳದ ಗುಂಡಿಯ ಸ್ಪ್ರಿಂಗಿಗೆ ಅಪ್ಪಳಿಸಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ‘ನಿಮ್ಮ ಮನೆಯವರಿಗೆ ಇದು ಹೊಸದೇನಲ್ಲ ಬಿಡಿ’ ಅಂದುಬಿಟ್ಟರು. ‘ದವಡೆ ಬಿಗಿ ಮಾಡಿ, ಇನ್ನೊಂದು ಸಲ ನೋಡ್ತೀನಿ. ಅದೂ ಜಾರಿದ್ರೆ ಪರವಾನಗಿ ರದ್ದು.’

ಮೈಯೆಲ್ಲ ಉರಿದುಹೋಯಿತು. ನೇರವಾಗಿ ಗುಂಡಿಗೆ ಇಳಿದೆ. ಹಳಿಯ ಮೇಲೆ ದವಡೆಯ ಹಲ್ಲಿನ ಗುರುತಿರಬೇಕಿತ್ತು. ಒಂದು ಗೀರೂ ಇರಲಿಲ್ಲ. ಬೋಳಣ್ಣ ಮೇಲಿನಿಂದ ಬಗ್ಗಿ ನೋಡಿ ಮೆಲ್ಲಗೆ ಅಂದ: ‘ಅವತ್ತೂ ಹಿಂಗೇ ಇತ್ತು ಕಣಮ್ಮ. ಒಂದು ಗೀರೂ ಇರ್ಲಿಲ್ಲ.’ ‘ಅವತ್ತು ಹಳಿಗೆ ಎಣ್ಣೆ ಹಚ್ಚಿದ್ದು ಯಾರು ಬೋಳಣ್ಣ?’ ಎಂದೆ. ‘ಇನ್ಯಾರು, ನಿಮ್ಮಪ್ಪನೇ’ ಅಂದ.

ಆ ಗುಂಡಿಯಲ್ಲೇ ಕೂತು ಅತ್ತೆ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಮುಂದಿನ ಪರೀಕ್ಷೆಗೆ ನನ್ನ ಮುಂದೆ ಎರಡು ದಾರಿ ಇತ್ತು. ಸಾಹೇಬರು ಹೇಳಿದ ಹಾಗೆ ದವಡೆ ಬಿಗಿ ಮಾಡಿ, ಎಣ್ಣೆಯನ್ನೂ ತೊಳೆದುಬಿಟ್ಟರೆ ಲಿಫ್ಟು ಖಂಡಿತ ನಿಲ್ಲುತ್ತದೆ, ಪರವಾನಗಿ ಉಳಿಯುತ್ತದೆ. ಬೋಳಣ್ಣ ಅದನ್ನೇ ಮಾಡು ಎಂದು ಗೋಗರೆದ. ಆಗ ಚಿಕ್ಕಂದಿನಲ್ಲಿ ನೀನು ಹೇಳುತ್ತಿದ್ದ ಕಥೆಗಳು ನೆನಪಾದವು. ನಡುವೆ ನಿಲ್ಲಿಸಿ, ‘ರಾಜಕುಮಾರಿ ಯಾವ ಬಾಗಿಲು ತೆಗೀಲಿ?’ ಎಂದು ನೀನು ನನ್ನನ್ನೇ ಕೇಳುತ್ತಿದ್ದೆ. ನಾನು ಆಸೆಬುರುಕಿ, ‘ಎರಡೂ’ ಅನ್ನುತ್ತಿದ್ದೆ. ‘ಎರಡೂ ತೆಗೆದ್ರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗೋದು ಪೆದ್ದಿ?’ ಎಂದು ನೀನು ಬೈಯುತ್ತಿದ್ದೆ. ಆಮೇಲೆ ಅದೇ ಬಾಯಿಂದ ಸ್ಥಿತಿಶಕ್ತಿಯ ಪಾಠವನ್ನೂ ಹೇಳಿಕೊಟ್ಟೆ: ಎತ್ತರದಲ್ಲಿ ತೂಗುವ ವಸ್ತು ತನ್ನ ಬೀಳುವ ಬಲವನ್ನು ಒಳಗೇ ಇಟ್ಟುಕೊಂಡಿರುತ್ತದೆ, ಕೊಕ್ಕೆ ಬಿಚ್ಚುವ ತನಕ ಮಾತ್ರ ಆಟ ನಮ್ಮ ಕೈಯಲ್ಲಿ. ಎರಡನ್ನೂ ಬದಲಾಯಿಸಿದರೆ ಲಿಫ್ಟು ನಿಲ್ಲುತ್ತಿತ್ತು, ನಿಜ. ಆದರೆ ನಿನ್ನ ಜೋಡಣೆ ಸರಿಯಿತ್ತೋ ಇಲ್ಲವೋ ಎಂಬುದು ಈ ಜನ್ಮಕ್ಕೆ ಗೊತ್ತಾಗುತ್ತಿರಲಿಲ್ಲ.

ದವಡೆಯನ್ನು ಮುಟ್ಟಲೇ ಇಲ್ಲ. ನಿನ್ನ ತಗಡಿನ ಸಂದು ಹಾಗೇ ಇತ್ತು. ಹಳಿಯನ್ನು ಮಾತ್ರ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಕಪ್ಪು ಹತ್ತದಷ್ಟು ಮತ್ತೆ ಒರೆಸಿ, ಸಾಹೇಬರಿಗೆ ನೇರವಾಗಿ ಹೇಳಿದೆ: ‘ದವಡೆ ಬಿಗಿ ಮಾಡಿಲ್ಲ ಸರ್. ಎಣ್ಣೆ ತೆಗೆದಿದ್ದೀನಿ, ಅಷ್ಟೆ.’ ‘ಹಠ ಮಾಡಿ ಅನ್ನ ಕಳ್ಕೋತೀರಿ’ ಅಂದರು. ‘ಕಳ್ಕೊಂಡ್ರೆ ನಾನು ತಾನೇ’ ಅಂದೆ. ಕೊಕ್ಕೆಯನ್ನು ನಾನೇ ಬಿಚ್ಚಿದೆ.

ಕಟಾರ್ ಎಂದಿತು ಅಣ್ಣ! ಕಟ್ಟಡವೇ ಅದುರಿತು, ಮರಳಿನ ಮೂಟೆ ಒಂದು ಎಗರಿ ಬಿತ್ತು. ಲಿಫ್ಟು ಗೇಣಷ್ಟೂ ಜಾರಲಿಲ್ಲ, ಗೋಡೆಗೆ ಹೊಡೆದ ಹಾಗೆ ನಿಂತುಬಿಟ್ಟಿತು. ಹಳಿಯ ಮೇಲೆ ಸಾಲಾಗಿ ಹಲ್ಲಿನ ಗುರುತು. ಬೋಳಣ್ಣ ಟವೆಲ್ಲು ಬೀಸಿ ಕುಣಿದ. ನಾನು ನರ್ಸಮ್ಮನನ್ನು ತಬ್ಬಿಕೊಂಡು ಅವರ ಬಿಳಿ ಸಮವಸ್ತ್ರಕ್ಕೆಲ್ಲ ಮಸಿ ಮೆತ್ತಿದೆ.

ಸಾಹೇಬರು ನಗಲಿಲ್ಲ. ‘ಈಗ ಮತ್ತೆ ಅದೇ ಎಣ್ಣೆ ಹಚ್ಚಿ’ ಅಂದರು, ‘ಇದು ನಿಮ್ಮ ಲೆಕ್ಕಕ್ಕಲ್ಲ, ನನ್ನ ಸಮಾಧಾನಕ್ಕೆ.’ ಹಚ್ಚಿದೆವು, ಜಾರಿತು. ತೊಳೆದೆವು, ನಿಂತಿತು. ಆಗ ಅವರೇ ಗುಂಡಿಗೆ ಇಳಿದು ಹಳಿ ಸವರಿ ನೋಡಿದರು. ಮೇಲೆ ಬಂದವರ ಮುಖ ಸಣ್ಣದಾಗಿತ್ತು. ‘ಅವತ್ತು ನಾನು ಹಳಿ ಮುಟ್ಟಿ ನೋಡಲಿಲ್ಲಮ್ಮ. ಹೊಳೀತಿತ್ತು, ಚೆನ್ನಾಗಿ ಇಟ್ಕೊಂಡಿದ್ದಾರೆ ಅಂದ್ಕೊಂಡೆ. ನಿಮ್ಮಣ್ಣನ ಮೇಲೆ ಬರೆದಿದ್ದನ್ನ ನಾನೇ ತಿದ್ದಿ ಕಳಿಸ್ತೀನಿ’ ಅಂದರು. ತಿದ್ದಿದ ಪ್ರತಿ ನಿನ್ನೆ ಬಂತು. ಹಳಿಗೆ ಆ ಎಣ್ಣೆ ಮುಟ್ಟಿಸಬಾರದು ಎಂದು ಎಲ್ಲ ಅಂಗಡಿಗಳಿಗೂ ಸೂಚನೆ ಹೋಗಿದೆ.

ಲಿಫ್ಟಿನಲ್ಲಿ ಮೊದಲು ಇಳಿದದ್ದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬ ಅಜ್ಜಿ. ಕೆಳಗೆ ಬಂದು ಬಾಗಿಲು ತೆಗೆದರೂ ಅಲ್ಲಾಡದೆ ನಿಂತು, ‘ಇನ್ನೂ ಯಾಕಮ್ಮ ಹೊರಡ್ಲಿಲ್ಲ ಇದು?’ ಅಂದಳು. ನಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಅಣ್ಣ, ನಿನ್ನ ಜೋಡಣೆ ಸರಿಯಾಗಿತ್ತು. ಅವತ್ತೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ. ಅಪ್ಪನ ಮೇಲೂ ನನಗೆ ಸಿಟ್ಟಿಲ್ಲ. ಪ್ರೀತಿಯಿಂದ ಹಚ್ಚಿದ ಎಣ್ಣೆ ಅದು, ಯಾರಿಗೆ ತಾನೇ ಗೊತ್ತಿತ್ತು? ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡರೆ ಮಂಕಾಗಿ ಕೂತಳು. ಸಂತೋಷ ತಡೆಯಲಾಗಲಿಲ್ಲವೇನೋ.

ಅತ್ತಿಗೆಗೆ ನಮಸ್ಕಾರ. ಪುಟಾಣಿಗೆ ಅತ್ತೆಯ ಮುತ್ತು. ನಿಮ್ಮ ಮೂವರ ತಲೆಯ ಮೇಲೂ ಅಮ್ಮನ ಆಶೀರ್ವಾದ ಸದಾ ಇದೆ. ಇನ್ನು ಮೇಲೆ ಮೆಟ್ಟಿಲು ಹತ್ತಬೇಡ.

ನಿನ್ನ ತಂಗಿ,
ಮೊಳೆ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಬಂದು ಕೈ ಹಿಡಿದಳು. ‘ಇನ್ನೊಂದು ಮಾತು ಬರಿ’ ಅಂದಳು. ಆಸ್ಪತ್ರೆಯಲ್ಲಿ ಅಪ್ಪನಿಗೆ ಒಂದು ಗಳಿಗೆ ಎಚ್ಚರವಾದಾಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ. ದವಡೆ ಜೋಡಿಸಿದ್ದು ಯಾರು ಎಂದು ಅಪ್ಪ ಕೇಳಿದರಂತೆ. ‘ದೊಡ್ಡವನು’ ಅಂದಳಂತೆ. ‘ಹಾಗಾದ್ರೆ ದವಡೆ ಸರಿಯಾಗೇ ಇದೆ. ತಪ್ಪು ಬೇರೆ ಎಲ್ಲೋ ಇದೆ, ಹುಡುಕು ಅಂತ ಅವನಿಗೆ ಹೇಳು’ ಎಂದರಂತೆ. ಅಷ್ಟರಲ್ಲಿ ಎಲ್ಲರೂ ನಿನ್ನ ಕಡೆಗೇ ಬೆರಳು ಮಾಡಿದ್ದರು, ತಪ್ಪು ನಿನ್ನದೇ ಎಂದು ಅಮ್ಮನೂ ನಂಬಿಬಿಟ್ಟಿದ್ದಳು. ಅಪ್ಪ ನಿನ್ನನ್ನು ಅಷ್ಟು ನಂಬಿದ್ದರು ಎಂದು ತಿಳಿದರೆ ನೀನು ಜೀವ ಇಟ್ಟುಕೊಳ್ಳುವುದಿಲ್ಲ ಎಂದು ಹೆದರಿ, ಅಮ್ಮ ಆ ಮಾತನ್ನು ನುಂಗಿಕೊಂಡಳು. ‘ಅವತ್ತೇ ಹೇಳಿದ್ರೆ ಅವನು ಹುಡುಕ್ತಿದ್ದ, ಮನೇಲೇ ಇರ್ತಿದ್ದ’ ಎಂದು ಆಗಿನಿಂದ ಅಳುತ್ತಿದ್ದಾಳೆ. ಸಮಾಧಾನ ಮಾಡಲು ನನ್ನಿಂದಾಗುತ್ತಿಲ್ಲ ಅಣ್ಣ. ‘ಬೈದ್ರೆ ಬೈಯಲಿ, ಕಾಗದದಲ್ಲಿ ಬೇಡ, ಇಲ್ಲಿಗೇ ಬಂದು ಬೈಯಕ್ಕೆ ಹೇಳು’ ಅನ್ನುತ್ತಾಳೆ.